ಝಂಡಾ ದಿನ ಊರು ನೆನಪಾದರೆ ತಪ್ಪೇನು?

ಕಳೆದ ಆಗಸ್ಟ್ 15ರ ಬೆಳಿಗ್ಗೆ ಲಿಂಗಂಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಧ್ವಜಾರೋಹಣ ಇಪ್ಪತ್ತೇ ನಿಮಿಷದಲ್ಲಿ ಮುಗಿಯಿತು. ಕೇಟರಿಂಗಿನವರು ಕೊಟ್ಟ ಇಡ್ಲಿ-ವಡೆ ಪ್ಲೇಟು ಹಿಡಿದು ಸುಮ್ಮನೆ ನಿಂತಿದ್ದೆ. ಪಕ್ಕದ ಮನೆಯವರು ಮುಖ ಯಾಕೆ ಸಪ್ಪಗಿದೆ ಎಂದು ಕೇಳಿದರು. ಊರು ನೆನಪಾಯಿತು, ಅಂದೆ. "ಇವತ್ತಾದರೂ ಅದನ್ನು ಬಿಡಿ ಸಾರ್, ದೇಶ ಎಲ್ಲಾ ಒಂದೇ ಅಲ್ಲವಾ?" ಎಂದು ತೆಲುಗಿನಲ್ಲಿ ಹೇಳಿ, ನಕ್ಕು ಲಿಫ್ಟ್ ಹತ್ತಿದರು. ನನ್ನ ಮಗನದೂ ಇದೇ ಧಾಟಿ. "ಅಪ್ಪಾ, ಕಲಬುರಗಿ ಇನ್ನೂರು ಚಿಲ್ಲರೆ ಕಿಲೋಮೀಟರು. ಅಮೆರಿಕಾದಲ್ಲಿ ಇದ್ದವರ ಹಾಗೆ ಮಾಡ್ತೀಯಲ್ಲ!"

ಅವತ್ತು ಇಬ್ಬರಿಗೂ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ.

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವನು ನಾನು. ನನಗೆ ಗೊತ್ತಿರುವ ಭಾಷೆಯಲ್ಲೇ ಹೇಳುವುದಾದರೆ, ಹೆಡ್ ಆಫೀಸಿನಲ್ಲಿ ಯಾವ ಗಿರಾಕಿಯ ಖಾತೆಯೂ ಇರುವುದಿಲ್ಲ. ಖಾತೆ ಇರುವುದು ಬ್ರ್ಯಾಂಚಿನಲ್ಲಿ. ಬ್ಯಾಂಕು ಒಂದೇ, ನಿಜ. ಆದರೆ ಗಿರಾಕಿಗೆ ಬ್ಯಾಂಕು ಅಂದರೆ ತನ್ನ ಬ್ರ್ಯಾಂಚಿನ ಕೌಂಟರು, ಅಲ್ಲಿನ ಕ್ಯಾಷಿಯರು. ದೇಶವೂ ಹಾಗೆಯೇ. ನನಗೆ ಭಾರತ ಮೊದಲು ಸಿಕ್ಕಿದ್ದು ಗುಲ್ಬರ್ಗದ ಸ್ಟೇಷನ್ ರಸ್ತೆಯಲ್ಲಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಪ್ರಭಾತ್ ಫೇರಿಯಲ್ಲಿ ಕೂಗುತ್ತಾ ಹೋದಾಗ, ಪೊಲೀಸ್ ಪರೇಡ್ ಮೈದಾನದಲ್ಲಿ ಬಿಸಿಲಿಗೆ ನಿಂತು ಕವಾಯತು ನೋಡಿದಾಗ, ಬರುವ ದಾರಿಯಲ್ಲಿ ಮಿರ್ಚಿ ಭಜಿ, ಸುಸಲಾ ತಿಂದಾಗ. ಆ ರಸ್ತೆಯನ್ನು ಮರೆತು ದೇಶವನ್ನು ಮಾತ್ರ ನೆನಪಿಟ್ಟುಕೋ ಅಂದರೆ ಹೇಗೆ ಸ್ವಾಮಿ?

ಸಂಕ್ರಾಂತಿಗೆ ಅರ್ಧ ಹೈದರಾಬಾದು ಖಾಲಿಯಾಗುತ್ತದೆ. ಆಗ ನಮ್ಮ ಪಕ್ಕದ ಮನೆಯವರೂ ಕಾರು ತುಂಬ ಸಾಮಾನು ತುಂಬಿಕೊಂಡು ಗೋದಾವರಿ ಜಿಲ್ಲೆಗೆ ಹೊರಡುತ್ತಾರೆ. ದೇಶ ಎಲ್ಲಾ ಒಂದೇ ಅಲ್ಲವಾ ಎಂದು ಅವರನ್ನು ಯಾರೂ ತಡೆಯುವುದಿಲ್ಲ. ರಾಷ್ಟ್ರೀಯ ಹಬ್ಬದ ದಿನ ಮಾತ್ರ ಊರು ನೆನೆದರೆ ದೇಶಾಭಿಮಾನ ಕಮ್ಮಿ ಎನ್ನುವ ಅನುಮಾನ. ಇದು ಯಾವ ನ್ಯಾಯ?

ಇನ್ನೊಂದು ಮಾತು. ಯುಗಾದಿ, ದಸರೆಯಲ್ಲಿ ನನಗೆ ಇಷ್ಟು ಸಂಕಟವಾಗುವುದಿಲ್ಲ. ಆ ಹಬ್ಬಗಳನ್ನು ಗಂಟು ಕಟ್ಟಿ ತರಬಹುದು. ನನ್ನಾಕೆ ಲಿಂಗಂಪಲ್ಲಿ ಮಾರ್ಕೆಟ್ಟಿನಿಂದ ಬೇವು, ಮಾವಿನೆಲೆ ತಂದು ಹೋಳಿಗೆ ಮಾಡಿದರೆ ಮನೆಯೊಳಗೇ ಹಬ್ಬ. ಆದರೆ ಝಂಡಾ ದಿನ ನಡೆಯುವುದು ಬೀದಿಯಲ್ಲಿ. ಬೀದಿಯನ್ನು ಗಂಟು ಕಟ್ಟಿ ತರಲಿಕ್ಕಾಗುವುದಿಲ್ಲ.

ನಮ್ಮ ಭಾಗದವರಿಗೆ ಇದರಲ್ಲಿ ಚರಿತ್ರೆಯೂ ಸೇರಿದೆ. ಬೆಂಗಳೂರು, ಮೈಸೂರಿನ ಓದುಗರಲ್ಲಿ ಎಷ್ಟೋ ಜನಕ್ಕೆ ಇದು ಇವತ್ತಿಗೂ ತಿಳಿದಂತಿಲ್ಲ. 1947ರ ಆಗಸ್ಟ್ 15ರಂದು ಗುಲ್ಬರ್ಗಕ್ಕೆ ಸ್ವಾತಂತ್ರ್ಯ ಬರಲಿಲ್ಲ. ನಾವು ನಿಜಾಮರ ಸಂಸ್ಥಾನದಲ್ಲಿದ್ದೆವು. ಇತ್ತ ಹೈದರಾಬಾದಿನಲ್ಲಿ ಸ್ವಾಮಿ ರಮಾನಂದ ತೀರ್ಥರು ಅದೇ ದಿನ ಜೈಲು ಸೇರಿದರು. 1952ರಲ್ಲಿ ಗುಲ್ಬರ್ಗದಿಂದ ಲೋಕಸಭೆಗೆ ಗೆದ್ದವರೂ ಅವರೇ. ನಮಗೆ ಬಿಡುಗಡೆ ಆದದ್ದು ಹದಿಮೂರು ತಿಂಗಳ ನಂತರ, 1948ರ ಸೆಪ್ಟೆಂಬರ್ 17ರಂದು. ಅದಕ್ಕೆ ಮೊದಲು ರಜಾಕಾರರ ಕೈಯಲ್ಲಿ ಗೋರಟಾದಂಥ ಊರುಗಳು ನೊಂದವು. ಆಮೇಲೆ ನಮ್ಮದೇ ಜಿಲ್ಲೆಗಳಲ್ಲಿ ಏನೂ ಅರಿಯದ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡರು. ಎರಡನ್ನೂ ನಮ್ಮ ತಂದೆ ಒಂದೇ ದನಿಯಲ್ಲಿ ಹೇಳುತ್ತಿದ್ದರು, ತಗ್ಗಿದ ದನಿಯಲ್ಲಿ.

ಆ ಕಾಲಕ್ಕೆ ಲಿಂಗಂಪಲ್ಲಿಯೂ ಗುಲ್ಬರ್ಗವೂ ಒಂದೇ ಸಂಸ್ಥಾನ. ಹೈದರಾಬಾದು ನಮ್ಮಜ್ಜನಿಗೆ ರಾಜಧಾನಿ. 1956ರ ನವೆಂಬರ್ 1ಕ್ಕೆ ಗುಲ್ಬರ್ಗ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಬಂದದ್ದು ಒಳ್ಳೆಯದೇ ಆಯಿತು. ಆದರೆ ಅಜ್ಜನ ರಾಜಧಾನಿಯಲ್ಲಿ ಮೊಮ್ಮಗ ಹೊರನಾಡ ಕನ್ನಡಿಗ! ಬ್ಯಾಂಕಿನವರಿಗೆ ಇದು ರಜೆಪಟ್ಟಿಯಲ್ಲೇ ಕಾಣುತ್ತದೆ. ಆಗಸ್ಟ್ 15ಕ್ಕೆ ದೇಶದ ಎಲ್ಲಾ ಬ್ಯಾಂಕಿಗೂ ರಜೆ. ನವೆಂಬರ್ 1ಕ್ಕೆ ಕಲಬುರಗಿಯಲ್ಲಿ ಬಾಗಿಲು ಹಾಕಿದರೆ ಇಲ್ಲಿ ಕ್ಯೂ ನಿಂತಿರುತ್ತದೆ. ಹೈದರಾಬಾದಿಗೆ ವರ್ಗವಾದ ಮೊದಲ ವರ್ಷ ರಾಜ್ಯೋತ್ಸವದ ದಿನ ನಾನು ಚೆಕ್ ಪಾಸ್ ಮಾಡುತ್ತಾ ಕುಳಿತಿದ್ದೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನನಗೂ ಸಮಾಧಾನ, ನಿಮಗೂ ಸಮಾಧಾನ. ಆದರೆ ಅವತ್ತೇ ಇನ್ನೊಂದು ನಡೆಯಿತು.

ತಿಂಡಿ ಸೇರಲಿಲ್ಲ, ಹೊರಗೆ ನಡೆದೆ. ಮುಂಬಯಿ ಹೆದ್ದಾರಿಯಲ್ಲಿ ನಮ್ಮ ಬಸ್ಸು ಹಾದುಹೋಯಿತು. ಕನ್ನಡದಲ್ಲಿ 'ಬೀದರ್' ಅಂತ ಬೋರ್ಡು, ಮುಂದೆ ಪುಟ್ಟ ಬಾವುಟ. ಕಣ್ಣು ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ. ಹಾಗೇ ಬರುತ್ತಾ ನೋಡಿದರೆ ಕಟ್ಟುತ್ತಿರುವ ಒಂದು ಕಟ್ಟಡದಲ್ಲಿ ಕೆಲಸ ನಿಂತಿರಲಿಲ್ಲ. ತಲೆ ಮೇಲೆ ಮರಳಿನ ಬುಟ್ಟಿ ಹೊತ್ತ ಹೆಣ್ಣುಮಗಳೊಬ್ಬಳು ಮಗುವನ್ನು ಕನ್ನಡದಲ್ಲಿ ಗದರುತ್ತಿದ್ದಳು. ಯಾವೂರವ್ವಾ ಎಂದು ಕೇಳಿದೆ. "ಗುರುಮಠಕಲ್ ಕಡಿ ಅದರಿ ಯಪ್ಪಾ." ಇವತ್ತು ಝಂಡಾ ದಿನ, ರಜಾ ಇಲ್ಲೇನು ಅಂದೆ. "ರಜಾ ಅಂದ್ರ ಪಗಾರ ಇಲ್ರಿ," ಅಂದಳು. ಮತ್ತೆ ಅವಳೇ, "ನೀವು ಊರಿಗೆ ಹೋಗಂಗಿಲ್ಲೇನ್ರಿ?" ಎಂದು ಕೇಳಿದಳು. ನನಗೆ ಹೋಗಲು ಏನು ಅಡ್ಡಿಯಿತ್ತು? ಮನೆಯಲ್ಲಿ ಕಾರಿದೆ, ಪೆನ್ಷನ್ ಬರುತ್ತದೆ, ಲಿಂಗಂಪಲ್ಲಿಯಿಂದಲೇ ತಾಂಡೂರು, ಸೇಡಂ, ವಾಡಿ ದಾಟಿ ಕಲಬುರಗಿಗೆ ರೈಲಿದೆ.

ಗುರುಮಠಕಲ್ ಎನ್ನುವ ಹೆಸರು ನನ್ನನ್ನು ಚುಚ್ಚಿತು. ಆ ಪ್ರದೇಶ ಇನ್ನೂ ಗುಲ್ಬರ್ಗ ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ ಆ ಕಡೆಯ ಒಂದು ಶಾಖೆಯಲ್ಲಿ ನಾನು ಸಾಲದ ಅರ್ಜಿ ನೋಡುತ್ತಿದ್ದೆ. ಪಹಣಿ ಸರಿ ಇಲ್ಲ, ಜಾಮೀನುದಾರ ಇಲ್ಲ, ಹಳೇ ಬಾಕಿ ಇದೆ ಎಂದು ಎಷ್ಟೋ ಅರ್ಜಿ ವಾಪಸ್ ಮಾಡಿದ್ದೇನೆ. ನಿಯಮ ಮೀರಿಲ್ಲ, ಆಡಿಟ್‌ನಲ್ಲಿ ಒಂದು ಟಿಪ್ಪಣಿಯೂ ಬರಲಿಲ್ಲ. ಆದರೆ ವಾಪಸ್ ಹೋದವರು ಎಲ್ಲಿಗೆ ಹೋದರು ಎಂದು ಒಮ್ಮೆಯೂ ಕೇಳಲಿಲ್ಲ. ಅವರು ಬಸ್ ಹತ್ತಿದರು. ಅವರ ಮಕ್ಕಳು ಇಲ್ಲಿ ಬುಟ್ಟಿ ಹೊರುತ್ತಿದ್ದಾರೆ. ಊರಲ್ಲಿದ್ದಾಗ ನಾನು ಮಾಡಿದ್ದಾದರೂ ಏನು? ಶಾಲೆ ಬಿಟ್ಟ ಮೇಲೆ ಪರೇಡ್ ಮೈದಾನಕ್ಕೆ ಹೋದದ್ದು ಕೈಬೆರಳಲ್ಲಿ ಎಣಿಸಬಹುದು. ಆಗಸ್ಟ್ 15 ಅಂದರೆ ತಡವಾಗಿ ಏಳುವ ದಿನವಾಗಿತ್ತು.

ಹಾಗಾದರೆ ಊರಿನ ನೆನಪು ಸುಳ್ಳೇ? ಅಲ್ಲ. ಅದು ನನ್ನ ಹಕ್ಕು, ಪಕ್ಕದ ಮನೆಯವರ ಮುಂದೆ ಈಗಲೂ ವಾದಿಸುತ್ತೇನೆ. ಆದರೆ ಅದು ನನ್ನ ಖಾತೆಯಲ್ಲಿ ಜಮೆ ಅಲ್ಲ, ಬಾಕಿ. ಇಷ್ಟು ದಿನ ಕಾಲಮ್ಮು ತಪ್ಪಿ ಬರೆದುಕೊಂಡಿದ್ದೆ.

ಹೈದರಾಬಾದಿನ ನನ್ನಂಥ ಕನ್ನಡಿಗರಿಗೆ ಒಂದು ಮಾತು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ಸಭೆ-ಸಮಾರಂಭ ನಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಮನೆಯ ಪಕ್ಕದಲ್ಲೇ ಮರಳು ಹೊರುವವರ ಕನ್ನಡ ನಮ್ಮ ಕಿವಿಗೆ ಯಾಕೆ ಬೀಳುವುದಿಲ್ಲ? ಊರಲ್ಲಿರುವವರಿಗೂ ಒಂದು ಮಾತು. 2019ರಿಂದ ನಮ್ಮ ಭಾಗ ಕಲ್ಯಾಣ ಕರ್ನಾಟಕ. ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಪಟೇಲರ ಪ್ರತಿಮೆಗೆ ಹಾರ ಬೀಳುತ್ತದೆ, ಭಾಷಣ ಆಗುತ್ತದೆ. ಹೆಸರು ಚೆನ್ನಾಗಿದೆ. ಆ ಕಲ್ಯಾಣದ ನಾಡಿನಿಂದ ಎಷ್ಟು ಕುಟುಂಬ ಹೊಟ್ಟೆಪಾಡಿಗೆ ಗಡಿ ದಾಟಿದವು ಎಂಬ ಲೆಕ್ಕವನ್ನೂ ಅದೇ ವೇದಿಕೆಯಿಂದ ಪ್ರತಿ ವರ್ಷ ಓದಿ. ಕೇಳಲು ಕಷ್ಟವಾಗುತ್ತದೆ. ಆಗಲಿ.

ನಾನು ಈಗ ಭಾನುವಾರ ಆ ಕಟ್ಟಡದ ಶೆಡ್ಡಿಗೆ ಹೋಗುತ್ತೇನೆ. ಪಾಸ್‌ಬುಕ್ ನೋಡಿ ಹೇಳುತ್ತೇನೆ, ಅರ್ಜಿ ತುಂಬಿ ಕೊಡುತ್ತೇನೆ. ದೊಡ್ಡ ಕೆಲಸ ಏನಲ್ಲ, ಕೌಂಟರಿನಲ್ಲಿ ಕುಳಿತಾಗಲೇ ಮಾಡಬೇಕಿದ್ದದ್ದು. ಬರುವ ಝಂಡಾ ದಿನ ಅಪಾರ್ಟ್‌ಮೆಂಟಿನ ಇಡ್ಲಿ ತಿಂದ ಮೇಲೆ ಅಲ್ಲಿಗೂ ಒಂದು ಬಾವುಟ ಒಯ್ಯಬೇಕೆಂದಿದ್ದೇನೆ. ಗುತ್ತಿಗೆದಾರ ಅರ್ಧ ಗಂಟೆ ಕೆಲಸ ನಿಲ್ಲಿಸಿ ಆ ಅರ್ಧ ಗಂಟೆಯ ಪಗಾರ ಕೊಡುತ್ತಾನೋ ಇಲ್ಲವೋ, ಅದನ್ನು ಮೊದಲು ಕೇಳಬೇಕು.