ಕಚ್ಚುವ ನಾಯಿ ಬೇಡ, ಧೈರ್ಯದ ನಾಯಿ ಬೇಕು



ಈಗ ನಮ್ಮ ಹಳ್ಳಿಗಳಲ್ಲೂ ಜರ್ಮನ್ ಶೆಫರ್ಡ್ ಮರಿ ತರುವವರು ಹೆಚ್ಚಾಗಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಇನ್ನೂ ಕತ್ತಲಿರುವಾಗಲೇ ಎದ್ದು ಕೊಟ್ಟಿಗೆಗೆ ಹೋಗುವವರು ನಾವು. ಮನೆಯಲ್ಲಿ ಯಾರೂ ಇಲ್ಲದ ರಾತ್ರಿ ಹಸು ಕರು ಹಾಕಿದರೆ ಟಾರ್ಚ್ ಹಿಡಿದು ಒಬ್ಬರೇ ನಿಲ್ಲುವವರೂ ನಾವೇ. ತೋಟದ ಮನೆಯವರಿಗಂತೂ ಕಳ್ಳರ ಭಯ, ಕೆಲವು ಕಡೆ ಚಿರತೆಯ ಭಯ. ಜೊತೆಗೊಂದು ಧೈರ್ಯದ ನಾಯಿ ಇರಲಿ ಎನಿಸುವುದು ಸಹಜ. ಆದರೆ ಧೈರ್ಯ ಬರಲಿ ಎಂದು ನಾವು ಮಾಡುವ ಕೆಲಸಗಳೇ ಮರಿಯನ್ನು ಪುಕ್ಕಲು ಮಾಡುತ್ತವೆ. ಇದು ನನ್ನ ತಕರಾರು.

ನಾವು ಮಾಡುವುದಾದರೂ ಏನು? ಮರಿ ತಂದ ವಾರಕ್ಕೇ ಕಂಬಕ್ಕೆ ಸರಪಳಿ ಹಾಕಿ ಕಟ್ಟುತ್ತೇವೆ. ಸಲಿಗೆ ಬೆಳೆಯುತ್ತದೆ ಎಂದು ಹೊರಗಿನವರ ಕೈಗೆ ಕೊಡುವುದಿಲ್ಲ. ಜೋರಾಗಲಿ ಎಂದು ಹುಡುಗರು ಕೋಲಿನಿಂದ ಕೆಣಕುತ್ತಾರೆ. ಖಾರ ತಿನ್ನಿಸಿದರೆ ರೋಷ ಬರುತ್ತದೆ ಎನ್ನುವವರೂ ಇದ್ದಾರೆ.

ನಾನೂ ಇದನ್ನೆಲ್ಲ ಮಾಡಿದವಳೇ. ನಮ್ಮ ಮೊದಲ ಶೆಫರ್ಡ್ ಎರಡು ವರ್ಷ ಸರಪಳಿಯಲ್ಲೇ ಬೆಳೆಯಿತು. ಯಾರು ಬಂದರೂ ಹಾರಿ ಹಾರಿ ಬೊಗಳುತ್ತಿತ್ತು. ಭಾರಿ ಜೋರಿದೆ ಎಂದು ನಾವು ಹಿಗ್ಗಿದೆವು. ಒಂದು ಬೆಳಗ್ಗೆ ಸರಪಳಿಯ ಕೊಂಡಿ ಕಳಚಿತು. ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೋಗುತ್ತಿದ್ದ ಪಕ್ಕದ ಮನೆಯ ಹುಡುಗಿಯ ಕಾಲಿಗೆ ಬಾಯಿ ಹಾಕಿತು. ಇಂಜೆಕ್ಷನ್ ಆಯಿತು, ಗಾಯವೂ ಮಾಯಿತು. ಆದರೆ ಆ ಮಗು ಇವತ್ತಿಗೂ ನಮ್ಮ ಮನೆ ಮುಂದಿನ ದಾರಿ ಬಿಟ್ಟು ಸುತ್ತಿ ಬಳಸಿ ಹೋಗುತ್ತದೆ. ತಪ್ಪು ನಾಯಿಯದಲ್ಲ, ನನ್ನದು.

ಆ ನಾಯಿಗೆ ಇದ್ದದ್ದು ಧೈರ್ಯವಲ್ಲ, ಭಯ. ಲೋಕ ನೋಡದೆ ಬೆಳೆದ ನಾಯಿಗೆ ಪ್ರತಿ ಹೊಸ ಮುಖವೂ ಶತ್ರುವೇ. ಧೈರ್ಯದ ನಾಯಿ ಮೊದಲು ನಿಂತು ನೋಡುತ್ತದೆ, ಮೂಸುತ್ತದೆ, ಸಾಕಿದವರ ಮುಖ ನೋಡುತ್ತದೆ, ಆಮೇಲೆ ಬೇಕಾದರೆ ಬೊಗಳುತ್ತದೆ. ನಿಮಗಿದು ಹೊಸ ಪಾಠವೇನಲ್ಲ. ಕರುವಾಗಿದ್ದಾಗಿನಿಂದ ಮೈ ತಡವಿ, ಕೆಚ್ಚಲು ಮುಟ್ಟಿ ಬೆಳೆಸಿದ ಕಡಸು ಮೊದಲ ಸೂಲಿನಲ್ಲೇ ಸುಮ್ಮನೆ ನಿಂತು ಹಾಲು ಕೊಡುತ್ತದೆ. ಹೊಡೆದು ಬೆಳೆಸಿದ್ದು ಒದೆಯುತ್ತದೆ. ಮರಿಯ ವಿಷಯವೂ ಇಷ್ಟೇ.

ಶೆಫರ್ಡ್ ಮೂಲದಲ್ಲಿ ಕಾವಲಿಗೆ ಕಟ್ಟಿಹಾಕುವ ನಾಯಿಯೇ ಅಲ್ಲ. ಅದು ಜರ್ಮನಿಯ ಕುರಿಗಾಹಿಗಳ ನಾಯಿ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಮಾಜಿ ಸೇನಾಧಿಕಾರಿ ಇಂಥದ್ದೊಂದು ನಾಯಿಯನ್ನು ಕೊಂಡು ಈ ತಳಿಗೆ ಅಡಿಪಾಯ ಹಾಕಿದರು. ದಿನವಿಡೀ ಹಿಂಡಿನ ಸುತ್ತ ಓಡಾಡಿ, ಮಾಲೀಕನ ಮಾತು ಕೇಳಿ ಕೆಲಸ ಮಾಡುವುದು ಅದರ ರಕ್ತದಲ್ಲಿದೆ. ನಮ್ಮ ಕಡೆ ಕುರಿ ಹಿಂಡಿನ ಜೊತೆ ಊರೂರು ಸುತ್ತುವ ನಾಯಿಗಳನ್ನೇ ನೋಡಿ. ಕುರಿ, ಜನ, ರಸ್ತೆ, ಸಂತೆ ಎಲ್ಲದರ ನಡುವೆ ಬೆಳೆದ ಅವು ಹಾದಿಹೋಕರ ಮೇಲೆಲ್ಲ ಎರಗುತ್ತಾ ಕೂರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮರಿಯನ್ನು ತಾಯಿಯಿಂದ ಎಂಟು ವಾರಕ್ಕೆ ಮೊದಲು ಬಿಡಿಸಬೇಡಿ. ಆರಿಸುವಾಗ ಹತ್ತಿರದಲ್ಲಿ ಒಂದು ತಟ್ಟೆ ಬೀಳಿಸಿ ನೋಡಿ. ಬೆಚ್ಚಿದರೂ ಮತ್ತೆ ಬಂದು ತಟ್ಟೆ ಮೂಸುವ ಮರಿ ಒಳ್ಳೆಯದು. ಮೂಲೆ ಸೇರಿ ಹೊರಗೆ ಬಾರದಿದ್ದರೆ ಯೋಚಿಸಿ.

ಸುಮಾರು ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಮರಿ ಏನನ್ನು ನೆಮ್ಮದಿಯಾಗಿ ನೋಡುತ್ತದೋ ಅದಕ್ಕೆ ಮುಂದೆ ಹೆದರುವುದು ಕಡಿಮೆ. ಹಾಲಿನ ಲಾರಿಯ ಸದ್ದು, ಕ್ಯಾನ್‌ಗಳ ಸದ್ದು, ಸಮವಸ್ತ್ರದ ಮಕ್ಕಳು, ಕೋಲೂರಿ ನಡೆಯುವ ಅಜ್ಜ, ಬೈಕಿನಲ್ಲಿ ಬರುವ ಕೃತಕ ಗರ್ಭಧಾರಣೆ ಕಾರ್ಯಕರ್ತರು, ಎಲ್ಲವನ್ನೂ ತೋರಿಸಿ. ಲಸಿಕೆಗಳು ಮುಗಿಯುವ ತನಕ ಬೀದಿಯಲ್ಲಿ ಬಿಡಬೇಡಿ, ಪಾರ್ವೊ ರೋಗ ಮರಿಯನ್ನು ಕೊಂದುಬಿಡುತ್ತದೆ. ಕಂಕುಳಲ್ಲಿ ಎತ್ತಿಕೊಂಡು ಡೇರಿಯ ಹೊರಗೆ ಐದು ನಿಮಿಷ ನಿಂತರೆ ಸಾಕು. ಹೆದರಿದರೆ ಬಲವಂತ ಮಾಡದೆ ಸ್ವಲ್ಪ ದೂರ ಸರಿಯಿರಿ. ಅದಾಗಿ ಮುಂದೆ ಬಂದಾಗ ಬೆನ್ನು ತಟ್ಟಿ.

ಹಸುಗಳ ಪರಿಚಯವನ್ನೂ ನಿಧಾನವಾಗಿ ಮಾಡಿಸಿ. ಮೊದಲು ಸಾಧು ಹಸುವೊಂದನ್ನು ದೂರದಿಂದ ತೋರಿಸಿ. ಒಮ್ಮೆ ಜೋರಾಗಿ ಒದೆ ತಿಂದ ಮರಿ ಬದುಕಿದರೂ ಜೀವನವಿಡೀ ದನ ಕಂಡರೆ ನಡುಗಬಹುದು. ಶೆಫರ್ಡ್ ಮರಿ ಕರುಗಳ ಹಿಮ್ಮಡಿ ಹಿಡಿಯಲು ಓಡುತ್ತದೆ, ಅದು ಅದರ ಹುಟ್ಟುಗುಣ. ಆಟ ಎಂದು ನಗಬೇಡಿ, ಹೊಡೆಯಲೂ ಬೇಡಿ. ಕೊರಳಿಗೆ ಉದ್ದ ಹಗ್ಗ ಕಟ್ಟಿ ಹಿಡಿದುಕೊಂಡು, ಹೆಸರು ಹಿಡಿದು ಕರೆಯಿರಿ, ಬಂದರೆ ತಿನ್ನಲು ಏನಾದರೂ ಕೊಡಿ. ಗಬ್ಬದ ಹಸು ಬೆದರಿ ಸಿಮೆಂಟ್ ನೆಲದಲ್ಲಿ ಜಾರಿದರೆ ನಷ್ಟ ನಮಗೇ. ಹಾಲು ಕರೆಯುವಾಗ ಬೆದರಿದ ಹಸು ಹಾಲು ಇಳಿಸುವುದಿಲ್ಲ ಎಂಬುದೂ ನಿಮಗೆ ಗೊತ್ತು. ಕರೆಯುವ ಹೊತ್ತಿಗೆ ಮರಿ ಕೊಟ್ಟಿಗೆಯ ಹೊರಗೆ ಕೂರುವುದನ್ನು ಮೊದಲ ದಿನದಿಂದಲೇ ಕಲಿಸಿ.

ಇನ್ನು ಆರೋಗ್ಯದ ಮಾತು. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿ ವರ್ಷ. ಜಂತುಹುಳುವಿನ ಔಷಧಿಯನ್ನು ತಪ್ಪಿಸಬೇಡಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ. ಹಸು ಕರು ಹಾಕಿದಾಗ ಬೀಳುವ ಸತ್ತೆಯನ್ನು, ಕಂದು ಹಾಕಿದ ಕರುವನ್ನು ನಾಯಿಗೆ ತಿನ್ನಲು ಬಿಡದೆ ಆಳವಾಗಿ ಹೂಳಿ. ಅದನ್ನು ತಿಂದ ನಾಯಿಯ ಮಲ ಮೇವಿಗೆ ಸೇರಿದರೆ ನಿಯೋಸ್ಪೊರಾ ಎಂಬ ಪರೋಪಜೀವಿ ಹಸುಗಳಲ್ಲಿ ಗರ್ಭಪಾತ ತರಬಲ್ಲದು.

ಇಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೇರೆ ಸಮಯ ಬೇಕಿಲ್ಲ, ಮೇವು ತರುವಾಗ, ನೀರು ಕುಡಿಸುವಾಗ ಮರಿ ಜೊತೆಗಿರಲಿ. ಅದೂ ಆಗದಿದ್ದರೆ ಶೆಫರ್ಡ್ ತರಲೇಬೇಡಿ ಎನ್ನುತ್ತೇನೆ. ಅಂಗಳದಲ್ಲಿ ಆಡಿ ಬೆಳೆದ ನಾಟಿ ನಾಯಿಯೇ ಸಾಕು, ಲಸಿಕೆ ಮಾತ್ರ ಅದಕ್ಕೂ ಹಾಕಿಸಿ.

ನಮ್ಮ ಎರಡನೆಯ ಶೆಫರ್ಡ್‌ಗೆ ಈಗ ಮೂರು ವರ್ಷ. ಹೋದ ಮಳೆಗಾಲದಲ್ಲಿ ಹಸುವಿಗೆ ಹಾಲು ಜ್ವರ ಬಂದು ರಾತ್ರಿ ಹನ್ನೊಂದಕ್ಕೆ ಡಾಕ್ಟರನ್ನು ಕರೆಸಿದೆವು. ಗೇಟಿನಲ್ಲಿ ಎರಡು ಸಲ ಬೊಗಳಿತು. ‘ನಮ್ಮೋರೇ, ಸುಮ್ನಿರು’ ಎಂದೆ. ಸುಮ್ಮನೆ ಕೂತು ನೋಡಿತು. ಡಾಕ್ಟರು ತಡವಿಲ್ಲದೆ ಒಳಗೆ ಬಂದು ಕ್ಯಾಲ್ಸಿಯಂ ಹಾಕಿದರು, ಹಸು ಎದ್ದಿತು. ಮೊದಲಿನ ನಾಯಿ ಇದ್ದಿದ್ದರೆ ಅವರು ಗೇಟಿನ ಹೊರಗೇ ನಿಂತಿರಬೇಕಾಗಿತ್ತು. ಈ ಸಲ ಮರಿ ತರುವವರಿದ್ದರೆ ಇದನ್ನೊಮ್ಮೆ ಮನೆಯವರಿಗೂ ಓದಿ ಹೇಳಿ.

– ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಒಬ್ಬ ಸದಸ್ಯೆ