ಫೋಟೋದ ಕೀಲಿಕೈ ಯಾರ ಹಂತ್ಯಾಕ ಐತಿ?

ಅಕ್ಕಾರ, ವೈನಿಯಾರ, ಹೋದ ಸಲ ಮಾದ್ಲಿ ಬಗ್ಗೆ ಬರದಾಗ ಎಲ್ಲಾರೂ ಹೊಗಳಿದ್ರಿ. ಈ ಸಲ ಜಗಳಕ್ಕ ಬಂದೇನಿ. ಬೈಯೂದಿದ್ರ ಪೂರಾ ಓದಿ ಬೈರಿ.

ಹೋದ ವರ್ಷ ನಮ್ಮ ಅತ್ತಿ ತೀರಿಕೊಂಡಾಗ ದಿನದ ಕಾರ್ಯಕ್ಕ ಗ್ವಾಡಿಗೆ ಹಾಕಾಕ ಒಂದು ಫೋಟೋ ಬೇಕಾತು. ಎಲ್ಲಾರ ಕಣ್ಣಾಗ ಇದ್ದದ್ದು ಒಂದ ಫೋಟೋ, ಸವಣೂರಾಗ ನಮ್ಮ ನಾದಿನಿ ಮಗಳ ಕುಬುಸದಾಗ ತೆಗದದ್ದು. ಹಸಿರು ಇಳಕಲ್ ಸೀರಿ ಉಟ್ಟು, ಬಾಯಾಗ ಎಲಿ ಹಾಕ್ಕೊಂಡು, ಮುಂದಿನ ಹಲ್ಲು ಬಿದ್ದದ್ದು ಮರತು ಜೋರಾಗಿ ನಕ್ಕಿದ್ಲು. ತೆಗದಾಂವ ನಮ್ಮ ಮೈದುನನ ಮಗ. ಆ ಹುಡುಗ ಆಮ್ಯಾಲೆ ಎರಡು ಫೋನ್ ಬದಲಿ ಮಾಡ್ಯಾನ. ಮೂಲ ಫೋಟೋ ಇದ್ದ ಫೋನ್ ಕೆಟ್ಟು ಬಂದಾತು. ಉಳದದ್ದು ಮನಿ ಗ್ರುಪ್ಪಿನಾಗ ಬಂದದ್ದು, ಅದನ್ನೂ ಯಾರೋ ಕತ್ತರಿಸಿ ಸುತ್ತ ಹೂವು ಹಚ್ಚಿ ಮತ್ತ ಕಳಿಸಿದ್ರು. ಸ್ಟುಡಿಯೋದಾಂವ ಕಂಪ್ಯೂಟರಿನಾಗ ದೊಡ್ಡದು ಮಾಡಿ ತೋರಿಸಿದ. ಮುಖ ಅಲ್ಲ ಅದು, ಚೌಕ ಚೌಕ ಬಣ್ಣ. ಕಡೀಕ ಬ್ಯಾಂಕ್ ಪಾಸ್‌ಬುಕ್ಕಿಗೆ ಅಂತ ತೆಗಿಸಿದ್ದ ಸಣ್ಣ ಫೋಟೋನ ದೊಡ್ಡದು ಮಾಡಿಸಿದ್ವಿ. ಈಗ ಪಡಸಾಲ್ಯಾಗ ಮಾಲಿ ಹಾಕ್ಕೊಂಡು ಕುಂತಾಕಿ ಯಾರಿಗೋ ಹೆದರಿಕೊಂಡಂಗ ನೋಡ್ತಾಳ. ನಮ್ಮತ್ತಿ 76 ವರ್ಷದಾಗ ಒಂದು ದಿನಾನೂ ಯಾರಿಗೂ ಹೆದರಿದಾಕಿ ಅಲ್ಲ.

ಯಾರ ತಪ್ಪು? ನಮ್ದ. ಆ ದಿನ ನನ್ನ ಕೈಯಾಗೂ ಫೋನ್ ಇತ್ತು. "ಗ್ರುಪ್ಪಿನಾಗ ಬರ್ತೈತಿ ಬಿಡು" ಅಂದಾಕಿ ನಾನ.

ಈ "ಗ್ರುಪ್ಪಿನಾಗ ಐತಲ್ಲ" ಅನ್ನೂ ಮಾತಿನ ಮ್ಯಾಲೆ ನನಗ ಮೊದಲನೇ ಸಿಟ್ಟು. ವಾಟ್ಸಾಪ್ ಟಪಾಲಿನಾಂವ ಇದ್ದಂಗ, ಕಪಾಟ ಅಲ್ಲ. ಲಗೂನ ಮುಟ್ಲಿ ಅಂತ ಫೋಟೋನ ಹಿಂಡಿ ಸಣ್ಣದು ಮಾಡಿ ಒಯ್ತೈತಿ. 2023ರಾಗ ಎಚ್‌ಡಿ ಅನ್ನೂ ಗುಂಡಿ ಬಂತು, ಅದನ್ನ ಒತ್ತಿದ್ರ ಸ್ವಲ್ಪ ಚಲೋ ಹೋಗ್ತೈತಿ. ಇದ್ದಂಗ ಹೋಗಬೇಕಂದ್ರ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಬೇಕು. ನಿಮ್ಮಾಗ ಎಷ್ಟು ಮಂದಿ ಹಂಗ ಕಳಿಸೀರಿ, ಕೈ ಎತ್ರಿ ನೋಡೂಣು. ಮುಂಜಾನಿ ಎದ್ದ ಕೂಡ್ಲೆ ಬರೂ ಗುಲಾಬಿ ಹೂವಿನ ರಾಶಿಯೊಳಗ ಅವ್ವನ ಮುಖ ಹುಡುಕೂದು ಆಗೇತಿ ನಮ್ಮ ಬಾಳೇವು.

"ಗೂಗಲ್ ಫೋಟೋಸ್ ಐತಲ್ಲವಾ, ಪುಕ್ಕಟೆ" ಅಂತ ಹಿರೇಕೆರೂರಿನ ನಮ್ಮ ಚಿಗವ್ವ ಅಂತಾಳ. ಪುಕ್ಕಟೆ ಇತ್ತು, ಖರೇ. 2015ರಾಗ ಶುರುವಾದಾಗ, ಸ್ವಲ್ಪ ಸಣ್ಣದು ಮಾಡಿ ಇಡ್ತೇವಿ, ಎಷ್ಟು ಬೇಕಾದ್ರೂ ಹಾಕ್ರಿ ಅಂದ್ರು. ಎಲ್ಲಾರ ಮನಿ ಮದುವಿ, ತೊಟ್ಲ, ಜಾತ್ರಿ ಒಳಗ ಹೋದ ಮ್ಯಾಲೆ 2021ರ ಜೂನ್ 1ರಿಂದ ಲೆಕ್ಕ ಹಿಡಿಯಾಕ ಹತ್ತಿದ್ರು. ಈಗ ಪುಕ್ಕಟೆ ಇರೂದು 15 ಜಿಬಿ. ಅದರಾಗ ಜಿಮೇಲ್, ಡ್ರೈವ್, ಫೋಟೋ ಮೂರೂ ಒಂದ ಡಬ್ಬ್ಯಾಗ. ಡಬ್ಬಿ ತುಂಬಿದ ಮ್ಯಾಲೆ ಹೊಸ ಫೋಟೋ ಏರೂದಿಲ್ಲ. ನಾವು ಕೆಂಪು ಅಕ್ಷರದ ಸೂಚನಾ ಬಂದ್ರ ಒರೆಸಿ ಒಗದು, ಏರಾಕತ್ತಾವು ಅಂತ ತಿಳಕೊಂಡು ಕುಂತಿರ್ತೇವಿ. ಫ್ಲಿಕರ್‌ನವ್ರೂ ಹಿಂಗ ಮಾಡಿದ್ರು. 2013ರಾಗ ಒಂದು ಟಿಬಿ ಪುಕ್ಕಟೆ ಅಂದ್ರು, 2018ರಾಗ ಒಡೆಯ ಬದಲಾದ ಮ್ಯಾಲೆ ಪುಕ್ಕಟೆ ಮಂದಿಗೆ ಸಾವಿರ ಫೋಟೋ ಸಾಕು ಅಂದ್ರು. ಆರ್ಕುಟ್ ಅಂತೂ 2014ರ ಸೆಪ್ಟೆಂಬರ್ 30ಕ್ಕ ಅಂಗಡಿನ ಮುಚ್ತು.

ಅದಕ ನಾನು ಹೇಳೂದು, ರೊಕ್ಕ ಕೊಡ್ರಿ. ನಾನು 100 ಜಿಬಿಗೆ ವರ್ಷಕ್ಕ 1300 ರೂಪಾಯಿ ಕೊಟ್ಟೇನಿ. ಮದುವಿಗೆ ಅಂತ ವರ್ಕ್ ಮಾಡಿಸಿದ ಒಂದು ಬ್ಲೌಸಿನ ಹೊಲಿಗಿ ಅದಕ್ಕಿಂತ ಹೆಚ್ಚು ಆಕ್ಕತಿ, ಅದನ್ನ ನಾವು ಒಮ್ಮೆ ಉಟ್ಟು ಟ್ರಂಕಿನಾಗ ಇಡ್ತೇವಿ. ಒಬ್ರು ತಗೊಂಡ್ರ ಮನ್ಯಾಗಿನ ಇನ್ನ ಐದು ಮಂದಿಯನ್ನ ಕೂಡಿಸಿಕೊಳ್ಳಾಕ ಬರ್ತೈತಿ. ಜಾಗ ಹಂಚಿಕೊಂಡ್ರೂ ಒಬ್ರ ಫೋಟೋ ಇನ್ನೊಬ್ರಿಗೆ ತಾನಾಗೆ ಕಾಣೂದಿಲ್ಲ. ನೆಗೆಣ್ಯಾರು ಕೂಡಿ ತಗೋರಿ, ಜಗಳ ಆಗೂ ಮಾತಲ್ಲ ಅದು.

ಇಷ್ಟೆಲ್ಲಾ ಯಾವ ಕಂಪನಿ ಅನ್ನೂ ವಿಚಾರ. ನನ್ನ ಖರೇ ಜಗಳ ಬ್ಯಾರೆ ಐತಿ. ನಿಮ್ಮ ಫೋನಿನಾಗ ಇರೂ ಖಾತೆ ಯಾರ ಹೆಸರಿಲೆ ಐತಿ? ಹೋಗಿ ನೋಡಿ ಬರ್ರಿ, ನಾ ಕಾಯ್ತೇನಿ.

ಮಗಂದು, ಹೌದಿಲ್ಲೋ? ಇಲ್ಲಂದ್ರ ಮನಿಯವ್ರದು. ಫೋನ್ ತಂದುಕೊಟ್ಟ ದಿನ ಲಗೂನ ಚಾಲೂ ಆಗ್ಲಿ ಅಂತ ತಮ್ಮ ಮೇಲ್ ಹಾಕಿ ಕೊಟ್ಟಾರ, ನಾವು ಅದನ್ನ ಪ್ರಸಾದಂತ ತಗೊಂಡೇವಿ. ಶಿಗ್ಗಾಂವಿಯಾಗ ನನ್ನ ಗೆಳತಿ ಒಬ್ಬಾಕಿ ಹಿಂಗ ಐದು ವರ್ಷ ಫೋಟೋ ತೆಗದ್ಲು. ಬೆಂಗಳೂರಿನಾಗ ಇರೂ ಮಗನ ಖಾತೆ ತುಂಬಿತು. ಆಂವ ತೆರದು ನೋಡಿದ. ರಂಗೋಲಿ, ರೊಟ್ಟಿ, ಎಮ್ಮಿ ಕರ, ಓಣಿಯ ಹೆಣ್ಮಕ್ಕಳು. ಬ್ಯಾಡಾದ್ದು ಅಂತ ಒಂದ ರಾತ್ರ್ಯಾಗ ಎಲ್ಲಾ ಅಳಿಸಿದ. ಅವುಗಳ ನಡುವ ಆಕಿ ಅವ್ವನ ಕಡೀ ಪಂಚಮಿದೂ ಇತ್ತು. ಅಳಿಸಿದ್ದು 60 ದಿನ ಬಿನ್ ಅನ್ನೂ ಕಸದ ಬುಟ್ಯಾಗ ಇರ್ತೈತಿ, ಅಷ್ಟರಾಗ ತಿರುಗಿ ತಗೋಬಹುದು. ಆಕಿಗೆ ಗೊತ್ತಾಗಿದ್ದು ನಾಕು ತಿಂಗಳಿಗೆ. ಮಗ ಏನ ಕೆಟ್ಟಾಂವಲ್ಲ, "ಸಾರಿ ಮಮ್ಮಿ" ಅಂದ. ಅವನ ಲೆಕ್ಕದಾಗ ಅದು ಅವನ ಜಾಗಾನ ಆಗಿತ್ತು.

ಇನ್ನೊಂದು ಮಾತು, ಮೆತ್ತಗ ಹೇಳತೇನಿ. ಖಾತೆ ಅವ್ರದಿದ್ರ ನೀವು ತೆಗದದ್ದೆಲ್ಲಾ ಅವ್ರಿಗೆ ಕಾಣತೈತಿ. ಡಾಕ್ಟರ್ ಚೀಟಿ ಫೋಟೋ ಹೊಡಕೊಂಡಿರ್ತೀರಿ. ಬಳಿ ಅಡ ಇಟ್ಟ ರಸೀದಿ ಹೊಡಕೊಂಡಿರ್ತೀರಿ. ತಿಜೂರಿ ಕೀಲಿ ಸೊಂಟಕ್ಕ ಸಿಗಿಸಿಕೊಂಡು ಅಡ್ಡ್ಯಾಡಿದ ಅವ್ವಗೋಳ ಮಕ್ಕಳು ನಾವು!

ನಿಮ್ಮ ಹೆಸರಿಲೆ, ನಿಮ್ಮ ನಂಬರಿಗೆ, ನಿಮ್ಮದ ಒಂದು ಖಾತೆ ತಗೀರಿ. ಪಾಸ್‌ವರ್ಡ್ ವಹಿಯೊಳಗ ಬರದು ಸೀರಿ ನಡುವ ಇಡ್ರಿ. ಎರಡು ವರ್ಷ ಯಾರೂ ತೆರೀದಿದ್ರ ಖಾತೆನ ಅಳಿಸಬಹುದು ಅಂತ ಗೂಗಲ್‌ನವ್ರು 2023ರಾಗ ನಿಯಮ ಮಾಡ್ಯಾರ. ನಮ್ಮ ಕೈಲಿ ಆಗದಾಗ ಯಾರಿಗೆ ಕೊಡಬೇಕು ಅಂತ ಮೊದಲ ಹೆಸರು ಬರದಿಡಾಕೂ ಅಲ್ಲೆ ಬರ್ತೈತಿ. ನಾನು ಮಗಳ ಹೆಸರು ಬರದೇನಿ. ಮತ್ತೊಂದು, ಫೋನ್ ತುಂಬೇತಿ ಅಂತ ಗೂಗಲ್ ಫೋಟೋಸ್ ಒಳಗ ಹೋಗಿ ಅಳಿಸಬ್ಯಾಡ್ರಿ. ಅಲ್ಲೆ ಅಳಿಸಿದ್ರ ಮ್ಯಾಲೆ ಇಟ್ಟದ್ದೂ ಹೋಗ್ತೈತಿ. ಜಾಗ ಖಾಲಿ ಮಾಡಾಕ ಅದಕ್ಕಂತ ಬ್ಯಾರೆ ಗುಂಡಿ ಐತಿ.

ಇನ್ನ ಕೂಸಿಗೆ ಎರೆಯೂ ಫೋಟೋ. ಕಾಲಮ್ಯಾಲೆ ಹಾಕ್ಕೊಂಡು ಎರೀತಿರೂವಾಗ ಫೋಟೋ ತೆಗೀದಾಕಿ ನಮ್ಮಾಗ ಯಾರೂ ಇಲ್ಲ. ಆದ್ರ ಗುಜರಾತಿನ ಒಬ್ಬ ಎಂಜಿನಿಯರ್ ತಾನು ಎರಡು ವರ್ಷದಾಂವ ಇದ್ದಾಗ ಅಜ್ಜಿ ಮೈ ತೊಳಿಯೂ ಫೋಟೋನ ಗೂಗಲ್ ಡ್ರೈವಿಗೆ ಏರಿಸಿದ. ಅದು ಹೊಲಸು ಫೋಟೋ ಅಂತ ಹಿಡದು ಖಾತೆನ ಬಂದ್ ಮಾಡಿದ್ರು, ಮೇಲ್ ಸೈತ ತೆರೀಲಾರದಂಗಾತು. ಆಂವ ಕೋರ್ಟಿಗೆ ಹೋದ. 2024ರ ಮಾರ್ಚಿನಾಗ ಗುಜರಾತ್ ಹೈಕೋರ್ಟ್ ಕಂಪನಿಗೆ ನೋಟಿಸ್ ಕೊಡ್ತು. ಮಷೀನಿಗೆ ಅಜ್ಜಿ ಯಾರು, ಎಣ್ಣಿ ನೀರು ಯಾವುದು, ಗೊತ್ತಾಗೂದಿಲ್ಲ. ಅಂಥಾ ಫೋಟೋ ಮನಿ ಹಾರ್ಡ್ ಡಿಸ್ಕಿನಾಗ ಇರ್ಲಿ. ಸ್ಟೇಟಸ್ಸಿಗೆ ಅಂತೂ ಬ್ಯಾಡ, ಇದನ್ನ ನಮ್ಮ ತಂಗಿಗೇ ಹೇಳಾಕತ್ತೇನಿ.

ಕಂಪನಿಯವ್ರಿಗೂ ಕಾಣಬಾರದು ಅನ್ನೂರಿಗೆ ಎಂಟೆ ಅಂತ ಒಂದು ಐತಿ. ನಮ್ಮ ಲೆಕ್ಕದ ಎಂಟಲ್ಲ, ಮಲಯಾಳದಾಗ "ನನ್ನ" ಅಂತ ಅರ್ಥ. ಅದರಾಗ ಫೋಟೋ ನಮ್ಮ ಫೋನಿನಾಗ ಕೀಲಿ ಹಾಕ್ಕೊಂಡ ಹೊಂಡತಾವು. ಪಾಸ್‌ವರ್ಡೂ ಮರತು, ಅವ್ರು ಕೊಟ್ಟ 24 ಶಬ್ದದ ಚೀಟಿನೂ ಕಳಕೊಂಡ್ರ ಮಾತ್ರ ದೇವರು ಬಂದ್ರೂ ತೆರಿಯೂದಿಲ್ಲ. ನನ್ನಂಥ ಮರಗುಳಿಗೆ ಅದು ಬ್ಯಾಡ ಅಂತ ಬಿಟ್ಟೇನಿ.

ಯಾವುದ ಇರ್ಲಿ, ವರ್ಷಕ್ಕ ಇಪ್ಪತ್ತು ಫೋಟೋ ಆರಿಸಿ ಸ್ಟುಡಿಯೋದಾಗ ಪ್ರಿಂಟ್ ಹಾಕಿಸ್ರಿ. ನಮ್ಮವ್ವನ ಮದುವಿ ಆಲ್ಬಮ್ಮಿಗೆ ಪಾಸ್‌ವರ್ಡ್ ಇಲ್ಲ, ಗೆದ್ದಲೊಂದ ಚಿಂತಿ.

ಪಂಚಮಿಗೆ ಬರೂರು ಹಳೇ ಫೋನ್ ಇದ್ರ ಚಾರ್ಜರ್ ಸೈತ ತರ್ರಿ. ಉಂಡಿ ಕಟ್ಟಿದ ಮ್ಯಾಲೆ ಎಲ್ಲಾರ ಖಾತೆ ತಗದ ಬಿಡೂಣು. ಮೈದುನನ ಮಗನ ಆ ಮೊದಲನೇ ಫೋನ್ ಅವ್ರ ಅಟ್ಟದ ಮ್ಯಾಲೆ ಸಿಕ್ಕೈತಂತ, ಬ್ಯಾಟರಿ ಉಬ್ಬಿ ಬೆನ್ನು ಕಿತ್ತೈತಂತ. ಅದನ್ನ ಹುಬ್ಬಳ್ಳಿಗೆ ಒಯ್ದು ತೋರಿಸೂದೈತಿ, ಸೋಮವಾರ ಹೊಂಟೇನಿ.