ಬೊಗಸೆ ನೀರಿನ ಲೆಕ್ಕ

ಬೇಸಿಗೆ ರಜೆ ಬಂತೆಂದರೆ ಇಂದಿರಾನಗರ, ಹಲಸೂರು, ಶಿವಾಜಿನಗರದ ಮನೆಗಳಲ್ಲಿ ಮಕ್ಕಳ ಬೇಡಿಕೆ ಬಹುಮಟ್ಟಿಗೆ ಒಂದೇ: ನೀರಾಟ. ದಂಡುಪ್ರದೇಶಕ್ಕೆ ಸಮೀಪದ ಜಯಮಹಲ್ ರಸ್ತೆಯಲ್ಲಿ ಫನ್ ವರ್ಲ್ಡ್ ಇದೆ. ಇನ್ನೂ ದೊಡ್ಡ ಆಸೆಯುಳ್ಳವರು ಬಿಡದಿಯ ಬಳಿಯ ವಂಡರ್‌ಲಾಕ್ಕೆ ಹೋಗಿ, ಅಲ್ಲಿನ ರೆಸಾರ್ಟಿನಲ್ಲಿ ಒಂದು ರಾತ್ರಿ ತಂಗುತ್ತಾರೆ. ಪರದೇಶಗಳಲ್ಲಿ ಚಾವಣಿಯ ಕೆಳಗೇ ಅಲೆಯೆಬ್ಬಿಸಿ, ಚಳಿಗಾಲದಲ್ಲೂ ನೀರು ಕಾಯಿಸಿಡುವ ರೆಸಾರ್ಟುಗಳನ್ನು ಕಂಡುಬಂದವರಿಗೆ ಇವೂ ಸಣ್ಣವೆನಿಸುವುದುಂಟು. ಟಿಕೆಟ್ಟು, ಲಾಕರು, ಈಜುಡುಗೆ, ಊಟ, ವಾಹನ ಎಲ್ಲ ಸೇರಿ ನಾಲ್ವರ ಕುಟುಂಬಕ್ಕೆ ಒಂದು ದಿನಕ್ಕೆ ಹಲವು ಸಾವಿರ ರೂಪಾಯಿ. ಮರಳಿ ಬಂದವರು ಚರ್ಚಿಸುವುದು ಇಷ್ಟನ್ನೇ: ಕೊಟ್ಟ ಹಣ ವಸೂಲಾಯಿತೇ, ಇಲ್ಲವೇ?

ಶ್ರಾವಕನ ಲೆಕ್ಕದಲ್ಲಿ ಇನ್ನೊಂದು ಬಾಬು ಉಂಟು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನಿಗೆ ವಿಧಿಸಿದ ಮೂರು ಗುಣವ್ರತಗಳಲ್ಲಿ ಒಂದು ಅನರ್ಥದಂಡ ವ್ರತ. ಅಂದರೆ ಪ್ರಯೋಜನವಿಲ್ಲದ ಹಿಂಸೆಯಿಂದ ವಿರಮಿಸುವುದು. ಅದರ ಐದು ಬಗೆಗಳಲ್ಲಿ ಪ್ರಮಾದಚರ್ಯೆ ಒಂದು. ಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ತರಿಯುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಜೈನ ದೃಷ್ಟಿಯಲ್ಲಿ ನೀರಿನೊಳಗೆ ಜೀವಗಳಿವೆ ಎಂಬುದಷ್ಟೇ ಅಲ್ಲ, ನೀರೇ ಜೀವಗಳ ಶರೀರ. ಜಲಕಾಯಿಕ ಜೀವಗಳನ್ನು ಪೂರ್ತಿ ನೋಯಿಸದೆ ಗೃಹಸ್ಥನ ಬಾಳು ಸಾಗದು. ಆದುದರಿಂದಲೇ ವ್ರತವು ನೀರನ್ನು ಮುಟ್ಟಬೇಡ ಎನ್ನುವುದಿಲ್ಲ; ಏತಕ್ಕೆ ಮುಟ್ಟಿದೆ, ಎಷ್ಟು ಮುಟ್ಟಿದೆ ಎಂದು ಕೇಳುತ್ತದೆ.

ಈ ಪ್ರಶ್ನೆ 2024ರ ಬೇಸಿಗೆಯಲ್ಲಿ ಶಾಸ್ತ್ರಗ್ರಂಥದಿಂದ ಬೀದಿಗೆ ಇಳಿದು ಬಂದಿತು. ಸರ್ಕಾರದ ಸುಮಾರು 14,000 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಗಳೇ ಹೇಳಿದರು. ಕೆ.ಆರ್. ಪುರ, ಮಹದೇವಪುರದ ಕಡೆ ಜನ ಬಿಂದಿಗೆ ಹಿಡಿದು ಟ್ಯಾಂಕರ್‌ಗಾಗಿ ಕಾದರು. ಜಿಲ್ಲಾಡಳಿತವು ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಿತು: 5 ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ದೊಡ್ಡ ನೀರಾಟದ ತಾಣದಲ್ಲಿ ಒಬ್ಬನ ಒಂದು ದಿನದ ಟಿಕೆಟ್ಟಿಗೆ ಅದಕ್ಕಿಂತ ಹೆಚ್ಚು ಹಣ ಬೇಕು. ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಕೂಡದೆಂದು ಆಜ್ಞೆ ಹೊರಡಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸಿತು. ಅದೇ ಮಾರ್ಚಿನಲ್ಲಿ ಹೋಳಿ ಬಂದಾಗ, ಮನೆಯಲ್ಲಿ ಹಬ್ಬ ಆಚರಿಸಲು ಅಡ್ಡಿಯಿಲ್ಲ, ಆದರೆ ಹಣ ಪಡೆದು ನಡೆಸುವ ಮಳೆನೃತ್ಯ, ಕೊಳದ ಮೋಜುಕೂಟಗಳಿಗೆ ಕಾವೇರಿ ನೀರನ್ನಾಗಲಿ ಕೊಳವೆಬಾವಿಯ ನೀರನ್ನಾಗಲಿ ಬಳಸಬೇಡಿ ಎಂದಿತು. ಹಬ್ಬಕ್ಕೂ ಮೋಜಿಗೂ ನಡುವೆ ಮಂಡಳಿ ಎಳೆದ ಆ ಗೆರೆ, ಅದಕ್ಕೆ ಅರಿವಿತ್ತೋ ಇಲ್ಲವೋ, ಅನರ್ಥದಂಡ ವ್ರತದ ಗೆರೆಯೇ ಆಗಿತ್ತು.

ಆ ಬಳಿಕ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಸಂತೋಷದ ಸಂಗತಿಯೇ. ಆದರೆ ಆ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲೇರಿ ಬರಬೇಕು. ಹಿಂದೆ 1882ರಲ್ಲಿ ದಂಡುಪ್ರದೇಶದ ನೀರಿಗೆಂದು ಕಟ್ಟಿದ ಸ್ಯಾಂಕಿ ಕೆರೆ ಊರ ಪಕ್ಕದಲ್ಲೇ ಇತ್ತು. ನೀರು ತಗ್ಗಿದ್ದು ಕಣ್ಣಿಗೆ ಕಾಣುತ್ತಿತ್ತು. ಇಂದಿನ ನಲ್ಲಿಯ ಹಿಂದೆ ಎಷ್ಟು ವಿದ್ಯುತ್ತು ಉರಿದಿದೆ ಎಂಬುದು ಯಾರ ಕಣ್ಣಿಗೂ ಬೀಳದು.

ನೀರಾಟದ ತಾಣದಲ್ಲಿ ಬಳಸಿದ ನೀರನ್ನೇ ಸೋಸಿ ಮತ್ತೆ ಹರಿಸುತ್ತಾರೆ, ದಿನವೂ ಕೊಳ ಖಾಲಿ ಮಾಡುವುದಿಲ್ಲ ಎಂಬ ಸಮಾಧಾನವಿದೆ. ಅದು ಸುಳ್ಳಲ್ಲ. ಆವಿಯಾದದ್ದನ್ನು, ಸೋಸುವ ಯಂತ್ರ ತೊಳೆಯಲು ಹೋದದ್ದನ್ನು ಮಾತ್ರ ತುಂಬಿಸಬೇಕಾಗುತ್ತದೆ. ಜೈನ ಮನೆಗಳಿಗೂ ಸೋಸುವುದು ಹೊಸತಲ್ಲ. ಬಟ್ಟೆಯಲ್ಲಿ ನೀರು ಗಾಲಿಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರಿನೊಡನೆ ಅದೇ ಬಾವಿಗೆ ಮೆಲ್ಲನೆ ಮರಳಿ ಬಿಡುವುದು ಹಿರಿಯರ ಪದ್ಧತಿ. ಒಂದರಲ್ಲಿ ಸೋಸುವುದು ಜೀವ ಉಳಿಸಲು. ಇನ್ನೊಂದರಲ್ಲಿ ಸೋಸಿ ಕ್ಲೋರಿನ್ ಬೆರೆಸುವುದು ಸೂಕ್ಷ್ಮಜೀವಗಳನ್ನು ಕೊಲ್ಲಲು. ಆರೋಗ್ಯದ ದೃಷ್ಟಿಯಿಂದ ಎರಡನೆಯದು ಅನಿವಾರ್ಯ, ನಿಜ. ಆದರೆ ನೀರು ಉಳಿಯಿತು ಎಂದೊಡನೆ ಹಿಂಸೆಯೂ ತಪ್ಪಿತು ಎಂದು ಭಾವಿಸಲಾಗದು.

ಶ್ವೇತಾಂಬರ ವ್ಯಾಖ್ಯಾನಕಾರರು ಇದೇ ವ್ರತದ ಅತಿಚಾರವನ್ನು ವಿವರಿಸುವಾಗ ಕೊಡುವ ಒಂದು ಉದಾಹರಣೆ ಇಲ್ಲಿ ಕನ್ನಡಿಯಂತಿದೆ. ಒಬ್ಬನು ಸ್ನಾನಕ್ಕೆಂದು ಅಗತ್ಯಕ್ಕಿಂತ ಹೆಚ್ಚು ಎಣ್ಣೆ, ನೆಲ್ಲಿಕಾಯಿಗಳನ್ನು ಕೆರೆಗೆ ಒಯ್ಯುತ್ತಾನೆ. ಅವು ಸುಮ್ಮನೆ ಸಿಗುತ್ತವೆಂದು ಬೇರೆಯವರೂ ಬಂದು ನೀರಿಗಿಳಿಯುತ್ತಾರೆ, ಜಲಜೀವಗಳ ಘಾತ ಹೆಚ್ಚುತ್ತದೆ. ಹಾಗೆ ಮಾಡದೆ ಮನೆಯಲ್ಲೇ ಮೀಯಬೇಕು. ಅದಾಗದಿದ್ದರೆ ದಡದಲ್ಲಿ ಕುಳಿತು ಬೊಗಸೆಯಲ್ಲಿ ನೀರು ತೆಗೆದುಕೊಳ್ಳಬೇಕು ಎಂಬುದು ಅವರ ವಿಧಿ. ಸ್ನಾನದ ಅಗತ್ಯ ಸಣ್ಣದು. ಸಾಮಗ್ರಿ ಹೇರಳವಾದಾಗ ಬಯಕೆ ತಾನಾಗಿ ಹುಟ್ಟುತ್ತದೆ. ದಿನದ ಟಿಕೆಟ್ಟಿನ ವ್ಯಾಪಾರ ನಿಂತಿರುವುದು ಇದರ ಮೇಲೆಯೇ. ಒಮ್ಮೆ ಹಣ ಕೊಟ್ಟರೆ ಎಷ್ಟು ಸಲ ಬೇಕಾದರೂ ಜಾರಬಹುದು. ಮಗು ಮೂರು ಗಂಟೆಯಲ್ಲಿ ದಣಿದು ತೃಪ್ತವಾಗಿರುತ್ತದೆ. ಹಣ ವಸೂಲಾಗಲಿಲ್ಲವೆಂದು ಹಿರಿಯರೇ ಅದನ್ನು ಮತ್ತೆ ನೀರಿಗೆ ಕಳುಹಿಸುತ್ತಾರೆ. ಆ ಮೊದಲ ಮೂರು ಗಂಟೆಯ ಆನಂದವನ್ನು ವ್ಯರ್ಥವೆನ್ನುವುದು ಕಟುವಾದೀತು. ಶ್ರಾವಕನು ಮುನಿಯಲ್ಲ, ಮಕ್ಕಳಂತೂ ಅಲ್ಲವೇ ಅಲ್ಲ. ಅನರ್ಥ ಮೊದಲಾಗುವುದು ನಾಲ್ಕನೆಯ ಗಂಟೆಯಲ್ಲಿ. ಟಿಕೆಟ್ಟಿನಲ್ಲಿ ನಮೂದಾಗದ ವೆಚ್ಚವೂ ಅಲ್ಲಿಯೇ ಇದೆ: ಸಾಕು ಎಂಬ ಮಾತನ್ನು ಮಗು ಮರೆಯುವುದು.

ಹಾಗಾದರೆ ಅಭಿಷೇಕಕ್ಕೆ ಸುರಿಯುವ ನೀರೋ, ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ, 2018ರಲ್ಲಿ ನಡೆದದ್ದು ಇತ್ತೀಚಿನದು; ಅಲ್ಲಿ 1008 ಕಲಶಗಳ ಎಣಿಕೆಯುಂಟು. ಎಣಿಕೆ ಇದೆ ಎಂದ ಮಾತ್ರಕ್ಕೆ ಅದು ಪ್ರಶ್ನಾತೀತವಾಗದು. ನಿತ್ಯಪೂಜೆಯಲ್ಲಿ ಅಳತೆಯಿಲ್ಲದೆ ನೀರು ಸುರಿಯುವವನಿಗೂ ಇದೇ ವ್ರತ ಅನ್ವಯಿಸುತ್ತದೆ.

ಸಮಂತಭದ್ರರ ಇನ್ನೊಂದು ಗುಣವ್ರತ ಭೋಗೋಪಭೋಗ ಪರಿಮಾಣ. ಅದರಲ್ಲಿ ಬಾಳಿನುದ್ದಕ್ಕೂ ಹಿಡಿಯುವುದು ಯಮ, ಕಾಲಮಿತಿಯಿಟ್ಟು ಹಿಡಿಯುವುದು ನಿಯಮ. ನಿಯಮಕ್ಕೆ ಒಳಪಡುವ ವಿಷಯಗಳ ಪಟ್ಟಿಯಲ್ಲಿ ಭೋಜನ, ವಾಹನಗಳ ಜೊತೆಗೆ ಸ್ನಾನವೂ ಇದೆ. ಕಾಲವನ್ನು ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಅವರವರ ಶಕ್ತಿಗೆ ಬಿಟ್ಟಿದ್ದಾರೆ. ಸಂಸಾರಸ್ಥರ ಕಷ್ಟ ಬಲ್ಲವರ ಮಾತು ಇದು. ಕೆ.ಆರ್. ಪುರದ ಬೀದಿಗಳಲ್ಲಿ ಟ್ಯಾಂಕರ್ ಓಡಾಡುವ ತಿಂಗಳುಗಳಲ್ಲಿ ನೀರಾಟಕ್ಕೆ ಹೋಗುವುದಿಲ್ಲ. ಚಾತುರ್ಮಾಸ್ಯ ಮುಗಿದು ಕೆರೆಗಳು ತುಂಬಿರುವಾಗ ಒಂದು ದಿನ, ಇಷ್ಟು ಗಂಟೆ ಎಂದು ಒಂದು ಕುಟುಂಬ ನಿಯಮ ಹಿಡಿಯಬಹುದು. ಗಂಟೆಗಳನ್ನು ಮಕ್ಕಳೇ ಗೊತ್ತುಮಾಡಲಿ. ಆ ಹೊತ್ತು ಮುಗಿದೊಡನೆ ಮೈ ಒರೆಸಿಕೊಂಡು ಹೊರಟುಬರುವುದು, ಟಿಕೆಟ್ಟಿನ ಅವಧಿ ಸಂಜೆಯವರೆಗೆ ಉಳಿದಿದ್ದರೂ ಸರಿಯೇ.